ಡೆವಿನ್ ಹೆಸ್ಟರ್‌ನನ್ನು ರಿಸೀವರ್ ಮಾಡಬೇಕಿತ್ತಾ?

ಶಿಕಾಗೋದ ಫುಟ್‌ಬಾಲ್ ಅಭಿಮಾನಿಗಳ ಮುಂದೆ ಇಲ್ಲಿನ ಬೇರ್ಸ್ ತಂಡಕ್ಕೆ ಆಡಿದ ಡೆವಿನ್ ಹೆಸ್ಟರ್ ಹೆಸರು ಎತ್ತಿ ನೋಡಿ. ಮೊದಲು ಮುಖ ಅರಳುತ್ತದೆ. ಎರಡೇ ನಿಮಿಷಕ್ಕೆ ಜಗಳ ಶುರುವಾಗುತ್ತದೆ. ಚೆನ್ನಾಗಿ ರಿಟರ್ನ್ ಮಾಡುತ್ತಿದ್ದವನನ್ನು ರಿಸೀವರ್ ಮಾಡಿ ಕೆಡಿಸಿದರು ಅಂತ ಒಬ್ಬರು. ಅಂಥ ಓಟಗಾರನ ಕೈಗೆ ಪಂದ್ಯಕ್ಕೆ ನಾಲ್ಕೈದು ಸಲ ಚೆಂಡು ಸಿಕ್ಕಿದರೆ ಸಾಕಾ ಅಂತ ಇನ್ನೊಬ್ಬರು. ನಾನು ಈ ಊರಿಗೆ ಬಂದದ್ದು ಹೆಸ್ಟರ್ ಆಡಲು ಶುರು ಮಾಡಿದ ಕಾಲಕ್ಕೇ. ಅವನನ್ನು ನೋಡಿಯೇ ಈ ಆಟ ಕಲಿತವನು. ಹಾಗಾಗಿ ಈ ಜಗಳದಲ್ಲಿ ಸುಮ್ನೆ ಕೂತು ಕೇಳುವುದು ನನ್ನಿಂದ ಆಗಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಇರುವ ತಂಡಕ್ಕೆ 10 ಯಾರ್ಡ್ ಮುಂದೆ ಹೋಗಲು ನಾಲ್ಕು ಅವಕಾಶ. ಮೂರರಲ್ಲಿ ಆಗಲಿಲ್ಲ ಅಂದರೆ ಸಾಮಾನ್ಯವಾಗಿ ನಾಲ್ಕನೆಯದರಲ್ಲಿ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುತ್ತಾರೆ. ಇದು ಪಂಟ್. ಪಂದ್ಯ ಶುರುವಾಗುವಾಗ, ಯಾರಾದರೂ ಅಂಕ ಗಳಿಸಿದ ಮೇಲೆ ಒದೆಯುವುದು ಕಿಕ್‌ಆಫ್. ಆ ಕಡೆ ಹಿಂದೆ ಒಬ್ಬನೇ ನಿಂತು ಚೆಂಡು ಹಿಡಿದು ವಾಪಸ್ ಓಡಿ ಬರುವವನು ರಿಟರ್ನರ್. ವೈಡ್ ರಿಸೀವರ್ ಕೆಲಸ ಬೇರೆ. ಕ್ವಾರ್ಟರ್‌ಬ್ಯಾಕ್ ಎಸೆಯುವ ಚೆಂಡನ್ನು ಹಿಡಿಯುವುದು ಅವನ ಪಾಲು. ರಿಟರ್ನರ್‌ಗೆ ಒಂದು ಪಂದ್ಯದಲ್ಲಿ ಐದಾರು ಅವಕಾಶ ಸಿಕ್ಕರೆ ಹೆಚ್ಚು. ರಿಸೀವರ್ ಐವತ್ತು ಅರವತ್ತು ಸಲ ಮೈದಾನದಲ್ಲಿ ನಿಲ್ಲುತ್ತಾನೆ. ಇಬ್ಬರೂ ಚುರುಕಾಗಿ ಓಡಬೇಕು, ಇಬ್ಬರೂ ಚೆಂಡು ಹಿಡಿಯಬೇಕು. ದೂರದಿಂದ ನೋಡಿದರೆ ಒಂದೇ ಕಸುಬಿನ ಎರಡು ಹೆಸರು ಅನ್ನಿಸುತ್ತದೆ. ಎಲ್ಲ ಎಡವಟ್ಟು ಶುರುವಾಗುವುದು ಅಲ್ಲೇ.

ಪಂಟ್ ಹಿಡಿಯುವುದು ಎಂಥ ಕೆಲಸ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಒಳ್ಳೆಯ ಪಂಟ್ ನಾಲ್ಕೂವರೆ ಸೆಕೆಂಡಿನ ಆಸುಪಾಸು ಗಾಳಿಯಲ್ಲಿ ಇರುತ್ತದೆ. ವೇಗದ ಆಟಗಾರ 40 ಯಾರ್ಡ್ ಓಡಲು ತೆಗೆದುಕೊಳ್ಳುವುದೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು. ಅಂದರೆ ಚೆಂಡೂ ಅದನ್ನು ಬೆನ್ನಟ್ಟಿ ಬರುವವನೂ ಒಟ್ಟಿಗೇ ಬಂದು ಮುಟ್ಟುತ್ತಾರೆ. ಕ್ರಿಕೆಟ್‌ನಲ್ಲಿ ತಲೆ ಮೇಲೆ ಎದ್ದ ಕ್ಯಾಚ್‌ಗೆ ಕಣ್ಣಿಟ್ಟು ನಿಂತ ಫೀಲ್ಡರ್‌ನನ್ನು ನೆನಪಿಸಿಕೊಳ್ಳಿ. ಅವನು ಹಿಡಿದ ಕ್ಷಣವೇ ಮೈಮೇಲೆ ಬೀಳೋಣ ಅಂತ ನೂರು ಕೇಜಿ ತೂಕದವರು ಓಡಿ ಬರುತ್ತಿದ್ದರೆ ಹೇಗಿರುತ್ತದೆ? ಚೆಂಡು ದುಂಡಗೂ ಇಲ್ಲ. ಎಡಗಾಲಿನವನು ಒದ್ದರೆ ಉಲ್ಟಾ ತಿರುಗುತ್ತದೆ. ಶಿಕಾಗೋದ ಸೋಲ್ಜರ್ ಫೀಲ್ಡ್‌ನಲ್ಲಿ ಆಡಿದರೆ ಮಿಶಿಗನ್ ಸರೋವರದ ಗಾಳಿ ಬೇರೆ. ಕಣ್ಣು ಚೆಂಡಿನ ಮೇಲೇ ಇರಬೇಕು. ಆದರೂ ಯಾರು ಎಷ್ಟು ಹತ್ತಿರ ಬಂದಿದ್ದಾರೆ ಅನ್ನುವುದು ಗೊತ್ತಿರಬೇಕು. ಓಡಲಾ, ಕೈ ಎತ್ತಿ ಫೇರ್ ಕ್ಯಾಚ್ (ನಾನು ಓಡಲ್ಲ, ನೀವು ಮುಟ್ಟಬೇಡಿ ಅನ್ನುವ ಸನ್ನೆ) ಕೇಳಲಾ, ಬಿಟ್ಟೇಬಿಡಲಾ ಅಂತ ಅಷ್ಟರೊಳಗೆ ತೀರ್ಮಾನ ಆಗಬೇಕು. ಹಿಡಿದ ಮೇಲೆ ಯಾವ ನಕ್ಷೆಯೂ ಪೂರ್ತಿ ಉಳಿಯುವುದಿಲ್ಲ. ಬಲಕ್ಕೆ ಓಡುವುದು ಅಂತ ಮೊದಲೇ ಮಾತಾಗಿರಬಹುದು. ಎದುರಿಗೆ ಸಂದು ಕಂಡದ್ದು ಎಡಕ್ಕೆ ಅಂದರೆ ಎಡಕ್ಕೇ ನುಗ್ಗಬೇಕು. ತಪ್ಪಿದರೆ ಚೆಂಡು ಹೋಯಿತು, ಕೆಲವೊಮ್ಮೆ ಪಂದ್ಯವೂ ಹೋಯಿತು.

ಈ ಕೆಲಸವನ್ನು ಹೆಸ್ಟರ್‌ನಷ್ಟು ಚೆನ್ನಾಗಿ ಮಾಡಿದವರು ಇನ್ನೊಬ್ಬರಿಲ್ಲ. ಫ್ಲೋರಿಡಾದ ಹುಡುಗ. ಮಿಯಾಮಿ ವಿಶ್ವವಿದ್ಯಾಲಯದಲ್ಲಿ ಅವನನ್ನು ಕಾರ್ನರ್‌ಬ್ಯಾಕ್ ಆಡಿಸಿದರು, ಚೆಂಡು ಕೈಯಲ್ಲಿಟ್ಟುಕೊಂಡು ಓಡುವ ರನ್ನಿಂಗ್ ಬ್ಯಾಕ್ ಆಡಿಸಿದರು, ರಿಸೀವರ್ ಆಡಿಸಿದರು. ಯಾವುದರಲ್ಲೂ ನೆಲೆ ನಿಲ್ಲಲಿಲ್ಲ. ಈ ಸಂಗತಿ ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ. ತಂಡಗಳು ಕಾಲೇಜು ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2006ರಲ್ಲಿ, ಶಿಕಾಗೋ ಬೇರ್ಸ್ ತಂಡ ಅವನನ್ನು ಎರಡನೇ ಸುತ್ತಿನಲ್ಲಿ, 57ನೆಯವನಾಗಿ ಆರಿಸಿಕೊಂಡಿತು. ಕಾಗದದ ಮೇಲೆ ಕಾರ್ನರ್‌ಬ್ಯಾಕ್, ಅಂದರೆ ಎದುರಾಳಿ ರಿಸೀವರ್‌ಗಳನ್ನು ತಡೆಯುವವನು. ಬೆನ್ನ ಮೇಲೆ 23ನೇ ನಂಬರ್.

ಮೊದಲ ಪಂದ್ಯವೇ ಹಳೇ ವೈರಿ ಗ್ರೀನ್ ಬೇ ಪ್ಯಾಕರ್ಸ್ ಮೇಲೆ, ಅವರ ಊರಿನಲ್ಲಿ. 84 ಯಾರ್ಡ್ ಪಂಟ್ ರಿಟರ್ನ್, ಟಚ್‌ಡೌನ್ (ಎದುರಾಳಿಯ ಕೊನೆಯ ಗೆರೆಯಾಚೆಗಿನ ಎಂಡ್ ಝೋನ್‌ಗೆ ಚೆಂಡು ತಲುಪಿಸಿದರೆ ಸಿಗುವ ಆರು ಅಂಕ). ಅಕ್ಟೋಬರ್‌ನಲ್ಲಿ ಅರಿಜೋನಾ ಕಾರ್ಡಿನಲ್ಸ್ ಎದುರು ಬೇರ್ಸ್ 20 ಅಂಕ ಹಿಂದಿತ್ತು. ಆ ದಿನ ಬೇರ್ಸ್ ಆಕ್ರಮಣ ಒಂದೇ ಒಂದು ಟಚ್‌ಡೌನನ್ನೂ ಗಳಿಸಲಿಲ್ಲ. ರಕ್ಷಣೆಯವರು ಎರಡು ಗಳಿಸಿ ಹತ್ತಿರ ತಂದರು. ಕೊನೆಗೆ ಹೆಸ್ಟರ್ 83 ಯಾರ್ಡ್ ಓಡಿ 24-23ರಲ್ಲಿ ಗೆಲ್ಲಿಸಿದ. ನವೆಂಬರ್‌ನಲ್ಲಿ ನ್ಯೂಯಾರ್ಕ್ ಜಯಂಟ್ಸ್‌ನವರು ಕಂಬಗಳ ನಡುವೆ ಹಾಯಿಸಲು ಒದ್ದ ಚೆಂಡು, ಅಂದರೆ ಫೀಲ್ಡ್ ಗೋಲ್, ಗುರಿ ತಲುಪದೆ ಬಿತ್ತು. ಇವನು ತನ್ನ ಎಂಡ್ ಝೋನ್‌ನ ಒಳಗೆ ಅದನ್ನು ಹಿಡಿದ. ಒಂದೆರಡು ಹೆಜ್ಜೆ ನಿಧಾನಕ್ಕೆ, ಇನ್ನೇನೂ ಇಲ್ಲ ಅನ್ನುವ ಹಾಗೆ ನಡೆದ. ಎದುರಿನವರು ಮೈ ಸಡಿಲ ಬಿಟ್ಟರು. ಆಗ ಹಾರಿದ, 108 ಯಾರ್ಡ್. ಆ ರಿಪ್ಲೇ ಎಷ್ಟು ಸಲ ನೋಡಿದರೂ ಆ ಮೊದಲ ಎರಡು ಹೆಜ್ಜೆಯಲ್ಲೇ ನನ್ನ ಕಣ್ಣು ನಿಲ್ಲುತ್ತದೆ. ಅದನ್ನು ಯಾವ ಕೋಚೂ ಹೇಳಿಕೊಡಲು ಆಗುವುದಿಲ್ಲ.

ಆ ಮೊದಲ ವರ್ಷ ಅವನದು ಆರು ರಿಟರ್ನ್ ಟಚ್‌ಡೌನ್. ಅದು ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ದಾಖಲೆ. 2007ರ ಫೆಬ್ರವರಿ 4ರಂದು ಮಿಯಾಮಿಯಲ್ಲಿ ಲೀಗ್‌ನ ಫೈನಲ್ ಸೂಪರ್ ಬೌಲ್, ಮಳೆ ಸುರಿಯುತ್ತಿತ್ತು. ಇಂಡಿಯಾನಾಪೊಲಿಸ್ ಕೋಲ್ಟ್ಸ್‌ನ ಆಡಮ್ ವಿನಾಟಿಯೇರಿ ಮೊದಲ ಕಿಕ್‌ಆಫ್ ಒದ್ದರು. 92 ಯಾರ್ಡ್, 14 ಸೆಕೆಂಡ್, ಟಚ್‌ಡೌನ್. ಸೂಪರ್ ಬೌಲ್‌ನ ಮೊದಲ ಕಿಕ್ಕನ್ನೇ ಹಾಗೆ ವಾಪಸ್ ತಂದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ಆಮೇಲೆ ಕೋಲ್ಟ್ಸ್ ಮಾಡಿದ್ದೇ ಈ ಇಡೀ ಕಥೆಯ ತಿರುವು. ಅವರು ಅವನ ಕೈಗೆ ಚೆಂಡು ಹೋಗದ ಹಾಗೆ, ನೆಲಕ್ಕೆ ಉರುಳಿಸಿ, ಗಿಡ್ಡಗೆ ಒದೆಯತೊಡಗಿದರು. ಬೇರ್ಸ್ 29-17ರಲ್ಲಿ ಸೋತಿತು.

ರಿಟರ್ನರ್ ಎಷ್ಟೇ ದೊಡ್ಡವನಾಗಲಿ, ಅವನಿಗೆ ಚೆಂಡು ಸಿಗುವುದು ಎದುರಾಳಿ ಕೊಟ್ಟರೆ ಮಾತ್ರ. 2007ರಲ್ಲಿ ಲೀಗ್‌ನ ಎಷ್ಟೋ ತಂಡಗಳು ಪಂಟನ್ನು ಮೈದಾನದ ಪಕ್ಕದ ಗೆರೆ ಆಚೆಗೆ ಒದೆಯುತ್ತಿದ್ದವು. ಒಂದಿಷ್ಟು ಯಾರ್ಡ್ ಕಳೆದುಕೊಂಡರೂ ಪರವಾಗಿಲ್ಲ, ಅವನ ಕೈಗೆ ಮಾತ್ರ ಹೋಗಬಾರದು ಅಂತ. ಬೇರೆ ಪಂದ್ಯಗಳಲ್ಲಿ ಪಂಟ್ ಅಂದರೆ ಜನ ಎದ್ದು ತಿಂಡಿ ತರಲು ಹೋಗುವ ಹೊತ್ತು. ಸೋಲ್ಜರ್ ಫೀಲ್ಡ್‌ನಲ್ಲಿ ಎದುರಾಳಿಯ ಮೂರನೇ ಅವಕಾಶ ಕೆಟ್ಟ ಕೂಡಲೇ ಹೋಗಿದ್ದವರೂ ಓಡಿ ಬಂದು ಸೀಟಿನ ಮುಂದೆ ನಿಲ್ಲುತ್ತಿದ್ದರು. ಚೆಂಡು ಗೆರೆ ಆಚೆ ಹೋದರೆ ಇಡೀ ಸ್ಟೇಡಿಯಂ ಛೀಮಾರಿ ಹಾಕುತ್ತಿತ್ತು. ನಾನೂ ಆ ಗುಂಪಿನಲ್ಲಿ ನಿಂತು ಗಂಟಲು ಕೆಡಿಸಿಕೊಂಡಿದ್ದೇನೆ. ಅಷ್ಟೆಲ್ಲ ಕೊಡದೇ ಇದ್ದರೂ ಆ ವರ್ಷ ಮತ್ತೆ ಆರು: ನಾಲ್ಕು ಪಂಟ್, ಎರಡು ಕಿಕ್‌ಆಫ್. ಡೆನ್ವರ್ ಬ್ರಾಂಕೋಸ್ ಎದುರು ಒಂದೇ ಪಂದ್ಯದಲ್ಲಿ ಎರಡು.

ಈಗ ಕೋಚ್ ಲವೀ ಸ್ಮಿತ್ ಅವರ ಜಾಗದಲ್ಲಿ ನಿಂತು ಯೋಚಿಸಿ. ನಿಮ್ಮ ತಂಡದ ಅತಿ ವೇಗದ ಓಟಗಾರನಿಗೆ ಚೆಂಡು ಕೊಡಬೇಕಾ ಬೇಡವಾ ಅನ್ನುವುದು ಎದುರಾಳಿಯ ಕೈಯಲ್ಲಿದೆ. ರಿಸೀವರ್ ಮಾಡಿದರೆ ಅದು ನಿಮ್ಮ ಕೈಗೆ ಬರುತ್ತದೆ. ಈ ಲೆಕ್ಕ ದಡ್ಡತನದ್ದಲ್ಲ. 2007ರ ಸೀಸನ್‌ಗೆ ಅವನನ್ನು ಕಾರ್ನರ್‌ಬ್ಯಾಕ್‌ನಿಂದ ತೆಗೆದು ರಿಸೀವರ್ ಸಾಲಿಗೆ ಹಾಕಿದರು. ಅಕ್ಟೋಬರ್‌ನಲ್ಲಿ ಮಿನೆಸೋಟ ವೈಕಿಂಗ್ಸ್ ಎದುರು 89 ಯಾರ್ಡ್ ಪಂಟ್ ರಿಟರ್ನ್ ಜೊತೆಗೆ 81 ಯಾರ್ಡ್‌ನ ಪಾಸ್ ಹಿಡಿದು ಟಚ್‌ಡೌನ್ ಕೂಡ ಮಾಡಿದ. ಪಂದ್ಯ ಸೋತರೂ ಆ ಸಂಜೆ ಎಲ್ಲರ ಬಾಯಲ್ಲೂ ಒಂದೇ ಮಾತು: ಇವನಿಗೆ ಇನ್ನೂ ಜಾಸ್ತಿ ಚೆಂಡು ಕೊಡಿ. ನನಗೂ ಹಾಗೇ ಅನ್ನಿಸಿತ್ತು. ಅದಕ್ಕೆ ಹಿಂದಿನ ವರ್ಷದ ಜನವರಿಯಲ್ಲಿ ಕ್ಯಾರೊಲೈನಾ ತಂಡದ ರಿಸೀವರ್ ಸ್ಟೀವ್ ಸ್ಮಿತ್ ಸೋಲ್ಜರ್ ಫೀಲ್ಡ್‌ಗೇ ಬಂದು ಪ್ಲೇಆಫ್ ಪಂದ್ಯದಲ್ಲಿ 12 ಪಾಸ್ ಹಿಡಿದು 218 ಯಾರ್ಡ್ ಗಳಿಸಿ ಬೇರ್ಸನ್ನು ಮನೆಗೆ ಕಳಿಸಿದ್ದ. ಅವನೂ ಹೆಸರು ಮಾಡಿದ್ದು ಮೊದಲು ರಿಟರ್ನರ್ ಆಗಿಯೇ. ಕಣ್ಣ ಮುಂದೆ ಅಂಥ ಉದಾಹರಣೆ ಇರುವಾಗ ನಮ್ಮ ಹುಡುಗನೂ ಯಾಕಾಗಬಾರದು ಅನ್ನಿಸುವುದು ಸಹಜ ಅಲ್ವಾ?

ಇನ್ನೊಂದು ಕಾರಣ ದುಡ್ಡು. ಇದನ್ನು ಅಭಿಮಾನಿಗಳು ಜಗಳದಲ್ಲಿ ಮರೆತೇಬಿಡುತ್ತಾರೆ. ಎರಡು ವರ್ಷದಲ್ಲಿ ಹನ್ನೆರಡು ಟಚ್‌ಡೌನ್, ಮೇಲೆ ಸೂಪರ್ ಬೌಲ್‌ನದು ಒಂದು. ಇಷ್ಟೆಲ್ಲ ಆದ ಮೇಲೂ 2008ಕ್ಕೆ ಹೆಸ್ಟರ್‌ನ ಮೂಲ ಸಂಬಳ ಐದು ಲಕ್ಷ ಡಾಲರ್ ಮುಟ್ಟುತ್ತಿರಲಿಲ್ಲ. ನಮಗೆ ಅದು ದೊಡ್ಡ ಮೊತ್ತ. ಆ ಲೀಗ್‌ನಲ್ಲಿ, ಯಾವ ದಿನ ಮೊಣಕಾಲು ಹೋಗುತ್ತದೋ ಗೊತ್ತಿಲ್ಲದ ಆಟದಲ್ಲಿ, ಅದು ಚಿಲ್ಲರೆ. ಆ ಜುಲೈಯಲ್ಲಿ ಶಿಬಿರ ಶುರುವಾದಾಗ ಅವನು ಬರಲಿಲ್ಲ. ಆಮೇಲೆ ನಾಲ್ಕು ವರ್ಷದ ಹೊಸ ಒಪ್ಪಂದವಾಯಿತು. ರಿಸೀವರ್ ಆಗಿ ಗುರಿ ಮುಟ್ಟಿದರೆ ಮೊತ್ತ ಸುಮಾರು 4 ಕೋಟಿ ಡಾಲರ್‌ವರೆಗೆ ಏರುತ್ತಿತ್ತು. ದೊಡ್ಡ ದುಡ್ಡು ಇದ್ದದ್ದು ರಿಸೀವರ್ ಕೆಲಸಕ್ಕೆ. ಜಗತ್ತಿನಲ್ಲೇ ಅವನೊಬ್ಬನೇ ಮಾಡಬಲ್ಲ ಕೆಲಸಕ್ಕೆ ಬೆಲೆ ಕಟ್ಟುವ ಪದ್ಧತಿ ಲೀಗ್‌ನಲ್ಲಿ ಇರಲಿಲ್ಲ. ಹಾಗಿರುವಾಗ ಅವನು ರಿಸೀವರ್ ಆಗಲು ಒಪ್ಪಿದ್ದು ಸರಿ. ಮನೆ ನಡೆಸುವ ಯಾರೇ ಆಗಲಿ ಒಪ್ಪುತ್ತಿದ್ದರು. ಅವನನ್ನು ದುರಾಸೆಯವನು ಅಂದವರ ಮೇಲೆ ನನಗೆ ಆಗಲೂ ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ.

ಹಾಗಾದರೆ ಎಡವಿದ್ದು ಎಲ್ಲಿ? ರಿಸೀವರ್ ಕೆಲಸ ನಿಜವಾಗಿ ಏನು ಕೇಳುತ್ತದೆ ಅನ್ನುವುದರಲ್ಲಿ.

ಒಂದು ಸಾದಾ ಆಟ ತೆಗೆದುಕೊಳ್ಳಿ. 12 ಯಾರ್ಡ್ ನೇರ ಓಡಿ ಗೆರೆ ಕಡೆಗೆ ತಿರುಗಬೇಕು, ಅಷ್ಟೇ. ಎದುರಿಗೆ ಕಾರ್ನರ್‌ಬ್ಯಾಕ್ ಎದೆಗೆ ಎದೆ ಕೊಟ್ಟು ನಿಂತಿರುತ್ತಾನೆ. ಮೊದಲ ಐದು ಯಾರ್ಡ್‌ನಲ್ಲಿ ಅವನು ತಳ್ಳಬಹುದು, ತಡೆಯಬಹುದು. ಅವನ ಕೈ ತಪ್ಪಿಸಿ, ದಾರಿ ತಪ್ಪದೆ, ಅಷ್ಟೇ ಹೆಜ್ಜೆಯಲ್ಲಿ ಆ 12 ಯಾರ್ಡ್ ಮುಟ್ಟಬೇಕು. ಒಳಗಿನ ಕಾಲು ಊರಿ, ಸೊಂಟ ತಗ್ಗಿಸಿ, ವೇಗ ಬಿಡದೆ ಹೊರಕ್ಕೆ ತಿರುಗಬೇಕು. ಕ್ವಾರ್ಟರ್‌ಬ್ಯಾಕ್ ನೀವು ತಿರುಗುವ ತನಕ ಕಾಯುವುದಿಲ್ಲ. ಅವನೂ ಹೆಜ್ಜೆ ಎಣಿಸಿ ಹಿಂದೆ ಸರಿದು, ನೀವು ತಿರುಗುವ ಮುಂಚೆಯೇ, ನೀವು ಇರಬೇಕಾದ ಜಾಗಕ್ಕೆ ಎಸೆದುಬಿಟ್ಟಿರುತ್ತಾನೆ. ನೀವು 11 ಯಾರ್ಡ್‌ಗೆ ತಿರುಗಿದರೂ ಕೆಟ್ಟಿತು, 13ಕ್ಕೆ ತಿರುಗಿದರೂ ಕೆಟ್ಟಿತು. ಚೆಂಡು ಎದುರಾಳಿ ಕೈಯಲ್ಲಿ. ಇದರ ಮೇಲೆ, ಕಾರ್ನರ್‌ಬ್ಯಾಕ್ ದೂರ ನಿಂತಿದ್ದರೆ ಅಲ್ಲೇ ನಿಲ್ಲು, ಹತ್ತಿರ ಇದ್ದರೆ ಓಡುತ್ತಲೇ ಇರು ಅನ್ನುವಂಥ ಆಟಗಳಿವೆ. ಕ್ವಾರ್ಟರ್‌ಬ್ಯಾಕ್ ಕಂಡದ್ದನ್ನೇ ರಿಸೀವರ್ ಕೂಡ ಅದೇ ಕ್ಷಣದಲ್ಲಿ ಕಾಣಬೇಕು. ಇಬ್ಬರೂ ವರ್ಷಗಟ್ಟಲೆ ಜೊತೆಯಲ್ಲಿ ಆಡಿದರೆ ಮಾತ್ರ ಬರುವ ಹೊಂದಾಣಿಕೆ ಇದು.

ರಿಟರ್ನರ್‌ಗೆ ಸಂದು ಕಂಡ ಕಡೆ ನುಗ್ಗುವ ಸ್ವಾತಂತ್ರ್ಯವೇ ಬಂಡವಾಳ. ರಿಸೀವರ್‌ಗೆ ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿ ಇರುವುದೇ ಬಂಡವಾಳ. ಸಂದು ಕಂಡಿತು ಅಂತ ರಿಸೀವರ್ ಒಂದು ಹೆಜ್ಜೆ ಆಚೆ ಹೋದರೆ ಅದು ಜಾಣತನ ಅಲ್ಲ, ತಪ್ಪು. ಹೆಸ್ಟರ್‌ನನ್ನು ಹೆಸ್ಟರ್ ಮಾಡಿದ ಗುಣವನ್ನೇ ಈ ಹೊಸ ಕೆಲಸ ಮೊದಲು ಅದುಮಿಡು ಅನ್ನುತ್ತದೆ. ಇದನ್ನು ಹದಿನಾಲ್ಕು ಹದಿನೈದನೇ ವಯಸ್ಸಿನಿಂದ ಕಲಿತವರಿಗೆ ಎರಡೂ ಒಗ್ಗಿರುತ್ತದೆ. ಸ್ಟೀವ್ ಸ್ಮಿತ್ ಯೂಟಾ ವಿಶ್ವವಿದ್ಯಾಲಯದಲ್ಲೇ ರಿಸೀವರ್ ಆಗಿದ್ದ. 2001ರಲ್ಲಿ ಎನ್‌ಎಫ್‌ಎಲ್‌ಗೆ ಬಂದು ಮೊದಲ ಪಂದ್ಯದ ಮೊದಲ ಕಿಕ್‌ಆಫನ್ನೇ 93 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ. ಆಮೇಲೆ ರಿಸೀವರ್ ಸಾಲಿಗೆ ಹೋದಾಗ ಅವನು ಹೊಸ ಕಸುಬು ಕಲಿಯಲಿಲ್ಲ, ತನ್ನ ಹಳೇ ಕಸುಬಿಗೆ ವಾಪಸ್ ಹೋದ. 2005ರಲ್ಲಿ 103 ಪಾಸ್, 1,563 ಯಾರ್ಡ್. ಹೆಸ್ಟರ್ ವಿಷಯ ಹಾಗಲ್ಲ. ಕಾಲೇಜಿನಲ್ಲಿ ಯಾವುದೇ ಜಾಗದಲ್ಲಿ ನೆಲೆ ನಿಲ್ಲದವನಿಗೆ 24ನೇ ವಯಸ್ಸಿನಲ್ಲಿ, ಜಗತ್ತಿನ ಅತಿ ಕಠಿಣ ಲೀಗ್‌ನಲ್ಲಿ, ಕಣ್ಣು ಕುಕ್ಕುವ ಬೆಳಕಿನ ಕೆಳಗೆ ಅಆಇಈ ಹೇಳಿಕೊಡಲು ಹೊರಟರು.

ಅದೂ ಎಂಥ ಹೊತ್ತಿನಲ್ಲಿ! 2008ರ ಶುರುವಿನಲ್ಲಿ ಬೇರ್ಸ್‌ನ ಮುಖ್ಯ ರಿಸೀವರ್‌ಗಳಾದ ಮುಹ್ಸಿನ್ ಮುಹಮ್ಮದ್ ಮತ್ತು ಬರ್ನಾರ್ಡ್ ಬೆರಿಯನ್ ಇಬ್ಬರೂ ತಂಡ ಬಿಟ್ಟರು. ಹಿಂದಿನ ವರ್ಷ 20 ಪಾಸ್ ಹಿಡಿದಿದ್ದ ಹುಡುಗ ಒಮ್ಮೆಲೇ ಮುಂಚೂಣಿಗೆ ಬಂದ. ಊಟದ ಜೊತೆ ಉಪ್ಪಿನಕಾಯಿ ಆಗಬೇಕಾದವನನ್ನೇ ಊಟ ಮಾಡಿದರು. 51 ಪಾಸ್, 665 ಯಾರ್ಡ್. ಯಾರ್ಡ್ ಲೆಕ್ಕದಲ್ಲಿ ಆ ತಂಡದಲ್ಲಿ ಅದೇ ಹೆಚ್ಚು. ಮರುವರ್ಷ 57 ಪಾಸ್, 757 ಯಾರ್ಡ್. ಯಾರ್ಡ್‌ನಲ್ಲಿ ಮತ್ತೆ ತಂಡಕ್ಕೆ ಅವನೇ ಮೊದಲಿಗ. ಮರ್ಯಾದೆಯ ಅಂಕಿಗಳೇ. ಅಷ್ಟು ಕಲಿಯಲು ಅವನು ಎಷ್ಟು ಬೆವರು ಸುರಿಸಿರಬೇಕು! ಆದರೆ ಲೀಗ್‌ನಲ್ಲಿ ಅಷ್ಟು ಮಾಡುವ ರಿಸೀವರ್‌ಗಳು ಡಜನ್‌ಗಟ್ಟಲೆ ಸಿಗುತ್ತಿದ್ದರು.

ಇತ್ತ ರಿಟರ್ನ್ ಏನಾಯಿತು? 2007ರಲ್ಲಿ ಪಂಟ್ ಒಂದಕ್ಕೆ ಸರಾಸರಿ 15.5 ಯಾರ್ಡ್ ತರುತ್ತಿದ್ದವನು 2008ರಲ್ಲಿ 6.2ಕ್ಕೆ ಇಳಿದ. ಟಚ್‌ಡೌನ್ ಸೊನ್ನೆ. 2009ರಲ್ಲೂ ಸೊನ್ನೆ. ಕಿಕ್‌ಆಫ್ ಕೆಲಸ ಡೇನಿಯಲ್ ಮ್ಯಾನಿಂಗ್, ಆಮೇಲೆ ಜಾನಿ ನಾಕ್ಸ್ ಕೈಗೆ ಹೋಯಿತು. ಎಲ್ಲವನ್ನೂ ರಿಸೀವರ್ ಕೆಲಸದ ತಲೆಗೆ ಕಟ್ಟುವುದು ನ್ಯಾಯವಲ್ಲ. ಎದುರಾಳಿಗಳು ಹುಷಾರಾಗಿದ್ದರು, ಮುಂದೆ ದಾರಿ ಮಾಡಿಕೊಡುವ ಹುಡುಗರೂ ಬದಲಾಗುತ್ತಿದ್ದರು. ಆದರೂ ಆ ಎರಡು ವರ್ಷದ ಪಂಟ್‌ಗಳನ್ನು ಕೂತು ನೋಡಿದವನಾಗಿ ಹೇಳುತ್ತೇನೆ. ಮೊದಲಿನ ಹೆಸ್ಟರ್ ಚೆಂಡು ಹಿಡಿದ ಕೂಡಲೇ ಒಂದು ಕಡೆ ನಿರ್ಧರಿಸಿ ನುಗ್ಗುತ್ತಿದ್ದ. ಈ ಹೆಸ್ಟರ್ ಅಡ್ಡಡ್ಡ ಓಡುತ್ತಿದ್ದ, ನಿಲ್ಲುತ್ತಿದ್ದ, ಹಿಂದಕ್ಕೆ ಹೆಜ್ಜೆ ಇಡುತ್ತಿದ್ದ. ನಲವತ್ತು ಐವತ್ತು ಆಟ ಓಡಿ ದಣಿದ ಕಾಲು ಅದು. ಎರಡು ಕೆಲಸದ ಪಾಠ ತುಂಬಿದ ತಲೆಯೂ ಹೌದು.

ಆಮೇಲೆ 2010 ಬಂತು. ರಿಸೀವರ್ ಮಾಡಿ ಕೆಡಿಸಿದರು ಅನ್ನುವ ನನ್ನ ಗುಂಪಿನವರು ಈ ವರ್ಷದ ಬಗ್ಗೆ ಮಾತಾಡಲು ಹಿಂಜರಿಯುತ್ತಾರೆ. ಯಾಕೆಂದರೆ ಆಗಲೂ ಅವನು ರಿಸೀವರ್ ಆಗಿಯೇ ಇದ್ದ, 40 ಪಾಸ್ ಹಿಡಿದ. ಆದರೂ ರಿಟರ್ನ್ ವಾಪಸ್ ಬಂತು. ಪಂಟ್ ಸರಾಸರಿ 17.1 ಯಾರ್ಡ್, ಮೂರು ಟಚ್‌ಡೌನ್. ಡಿಸೆಂಬರ್ 20ರಂದು ಮಿನಿಯಾಪೊಲಿಸ್‌ನಲ್ಲಿ ಹಿಮದ ಭಾರಕ್ಕೆ ಮೆಟ್ರೋಡೋಮ್‌ನ ಚಾವಣಿ ಕುಸಿದಿತ್ತು ಅಂತ ವಿಶ್ವವಿದ್ಯಾಲಯದ ಬಯಲು ಸ್ಟೇಡಿಯಂನಲ್ಲಿ ಪಂದ್ಯ. ಹಿಮ ಬೀಳುತ್ತಿರುವಾಗ 64 ಯಾರ್ಡ್ ಓಡಿ ಪಂಟ್, ಕಿಕ್‌ಆಫ್ ಎರಡೂ ಸೇರಿ 14ನೇ ಟಚ್‌ಡೌನ್ ಮಾಡಿದ. ಬ್ರಯನ್ ಮಿಚೆಲ್ ಹೆಸರಿನಲ್ಲಿದ್ದ ದಾಖಲೆ ಮುರಿಯಿತು. ಹಾಗಾದರೆ ಎರಡೂ ಕೆಲಸ ಒಟ್ಟಿಗೆ ಸಾಧ್ಯ ಅಂತಾಯಿತಲ್ಲ?

ಸಾಧ್ಯ. ಆದರೆ ಏನು ಬದಲಾಯಿತು ನೋಡಿ. 57 ಇದ್ದ ಪಾಸ್ 40ಕ್ಕೆ ಇಳಿದಿತ್ತು. ಮೊದಲ ರಿಸೀವರ್ ಹೊರೆ ಜಾನಿ ನಾಕ್ಸ್ ಹೆಗಲಿಗೆ ಹೋಗಿ ಅವನು 960 ಯಾರ್ಡ್ ಗಳಿಸಿದ. ಒದೆತ, ರಿಟರ್ನ್ ನೋಡಿಕೊಳ್ಳುವ ಸ್ಪೆಷಲ್ ಟೀಮ್ಸ್ ಕೋಚ್ ಡೇವ್ ಟೌಬ್ ಕೈಗೆ ಹೆಸ್ಟರ್ ಮತ್ತೆ ಸಿಕ್ಕಿದ್ದ. ಇದನ್ನೆಲ್ಲ ಯೋಚಿಸಿದ ಮೇಲೆಯೇ ನನಗೆ ಅನ್ನಿಸಿದ್ದು, ರಿಸೀವರ್ ಆಗಬೇಕಾ ಬೇಡವಾ ಅಂತ ನಾವು ಜಗಳ ಆಡುವುದರಲ್ಲಿ ಅರ್ಥ ಕಮ್ಮಿ. ಎಷ್ಟು ಅನ್ನುವುದು ಮುಖ್ಯ. ಯಾವುದು ಮೊದಲು ಅನ್ನುವುದು ಮುಖ್ಯ. ರಿಟರ್ನರ್ ಆಗಿದ್ದುಕೊಂಡು ಮೂರನೆಯ ಅಥವಾ ನಾಲ್ಕನೆಯ ರಿಸೀವರ್ ಆಗಿ ಹತ್ತು ಹದಿನೈದು ಆಟಕ್ಕೆ ನಿಂತರೆ ಲಾಭ. ರಿಸೀವರ್ ಆಗಿದ್ದುಕೊಂಡು ಸಮಯ ಸಿಕ್ಕಾಗ ರಿಟರ್ನ್ ಮಾಡಿದರೆ ಎರಡೂ ಅರ್ಧಂಬರ್ಧ.

ಚೆಂಡು ಸಿಗದಿದ್ದರೆ ರಿಟರ್ನರ್ ದಂಡ ಅನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಕಾರಣ 2011ರ ಸೆಪ್ಟೆಂಬರ್ 25ರ ಆಟ. ಪ್ಯಾಕರ್ಸ್ ಪಂಟ್ ಒದ್ದರು. ಹೆಸ್ಟರ್ ತಲೆ ಎತ್ತಿ ಆಕಾಶ ನೋಡುತ್ತಾ ಮೈದಾನದ ಒಂದು ಬದಿಗೆ ಸರಿದ. ಹೆಜ್ಜೆ ಸರಿಪಡಿಸಿಕೊಂಡ, ಕೈ ಮುಂದೆ ಚಾಚಿದ. ಪ್ಯಾಕರ್ಸ್‌ನವರೆಲ್ಲ ಅವನ ಕಡೆಗೇ ಓಡಿದರು, ನೋಡುತ್ತಿದ್ದ ನಾವೂ ಅವನನ್ನೇ ನೋಡುತ್ತಿದ್ದೆವು. ಚೆಂಡು ಬಂದದ್ದು ಇನ್ನೊಂದು ಬದಿಗೆ. ಅಲ್ಲಿ ಜಾನಿ ನಾಕ್ಸ್ ಒಬ್ಬನೇ ಹಿಡಿದು 89 ಯಾರ್ಡ್ ಓಡಿದ, ಹತ್ತಿರಕ್ಕೆ ಬರಲು ಯಾರೂ ಇರಲಿಲ್ಲ. ದಾರಿಯಲ್ಲಿ ಬೇರ್ಸ್‌ನ ಒಬ್ಬ ಎದುರಾಳಿಯನ್ನು ಹಿಡಿದೆಳೆದ ಅಂತ ರೆಫರಿ ಟಚ್‌ಡೌನ್ ರದ್ದು ಮಾಡಿದರು. ಇರಲಿ. ಚೆಂಡು ಮುಟ್ಟದೆಯೇ ಇಡೀ ತಂಡವನ್ನು ತಪ್ಪು ದಾರಿಗೆ ಎಳೆದನಲ್ಲ, ಆ ಬೆಲೆಯನ್ನು ಯಾವ ಅಂಕಿಪಟ್ಟಿಯಲ್ಲಿ ಬರೆಯುತ್ತೀರಿ? ಗೆರೆ ಆಚೆಗೆ ಹೋದ ಪ್ರತಿ ಪಂಟ್‌ನಲ್ಲೂ ಬೇರ್ಸ್‌ಗೆ ಪುಕ್ಕಟೆ ಯಾರ್ಡ್ ಸಿಗುತ್ತಿತ್ತು. ಅದನ್ನೂ ಯಾರೂ ಹೆಸ್ಟರ್ ಲೆಕ್ಕಕ್ಕೆ ಬರೆಯಲಿಲ್ಲ. ಸಂಬಳದ ಮಾತು ಬಂದಾಗಲೂ ಬರೆಯಲಿಲ್ಲ.

ಬೇರೆಯವರ ಕಥೆಯೂ ಇದನ್ನೇ ಹೇಳುತ್ತದೆ. ಡೆಸ್ಮಂಡ್ ಹೋವರ್ಡ್ 1991ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ರಿಸೀವರ್ ಆಗಿ, ಕಾಲೇಜು ಫುಟ್‌ಬಾಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಗೆದ್ದವನು. ವಾಷಿಂಗ್ಟನ್ ತಂಡ ಅವನನ್ನು ನಾಲ್ಕನೆಯವನಾಗಿ ಆರಿಸಿತು. ಎನ್‌ಎಫ್‌ಎಲ್‌ನಲ್ಲಿ ರಿಸೀವರ್ ಆಗಿ ಮಿಂಚಲಿಲ್ಲ. ಪ್ಯಾಕರ್ಸ್‌ಗೆ ಹೋಗಿ ರಿಟರ್ನರ್ ಆದ. 1997ರ ಜನವರಿಯ ಸೂಪರ್ ಬೌಲ್‌ನಲ್ಲಿ 99 ಯಾರ್ಡ್ ಕಿಕ್‌ಆಫ್ ರಿಟರ್ನ್ ಮಾಡಿ ಪಂದ್ಯದ ಶ್ರೇಷ್ಠ ಆಟಗಾರನಾದ. ಕಾರ್ಡರೆಲ್ ಪ್ಯಾಟರ್ಸನ್‌ನನ್ನು 2013ರಲ್ಲಿ ವೈಕಿಂಗ್ಸ್ ಮೊದಲ ಸುತ್ತಿನಲ್ಲೇ ರಿಸೀವರ್ ಅಂತ ಆರಿಸಿತು. ಆ ಕೆಲಸ ಅವನಿಗೆ ಕೂಡಿಬರಲಿಲ್ಲ. ಆದರೆ ಕಿಕ್‌ಆಫ್‌ನಲ್ಲಿ ಒಂಬತ್ತು ಟಚ್‌ಡೌನ್ ಮಾಡಿ ದಾಖಲೆ ಬರೆದ. 2021ರಲ್ಲಿ ಅಟ್ಲಾಂಟಾ ತಂಡ ಅವನನ್ನು ರನ್ನಿಂಗ್ ಬ್ಯಾಕ್ ಮಾಡಿತು. ಆ ವರ್ಷ 11 ಟಚ್‌ಡೌನ್! ಚೆಂಡು ಕೈಯಲ್ಲಿಟ್ಟು ಸಂದು ಹುಡುಕಲು ಬಿಟ್ಟಾಗ ಅವನು ಅರಳಿದ. ರಿಟರ್ನರ್‌ಗೆ ಹತ್ತಿರದ ನೆಂಟ ರನ್ನಿಂಗ್ ಬ್ಯಾಕೇ ಹೊರತು ರಿಸೀವರ್ ಅಲ್ಲ ಅಂತ ನನಗೆ ಆಗಲೇ ಗಟ್ಟಿಯಾದದ್ದು. ಹೆಸ್ಟರ್‌ಗೂ ಆ ದಾರಿಯನ್ನು ಇನ್ನಷ್ಟು ಮನಸ್ಸಿಟ್ಟು ನೋಡಿದ್ದರೆ ಏನಾಗುತ್ತಿತ್ತೋ.

ಈ ಪ್ರಶ್ನೆ ಈಚೆಗೆ ನಮ್ಮ ಮನೆಗೇ ಬಂತು. ಅಕ್ಕನ ಮಗ ಇಲ್ಲೇ ಪಕ್ಕದ ಊರಿನ ಹೈಸ್ಕೂಲ್ ತಂಡದಲ್ಲಿ ಕಿಕ್ ರಿಟರ್ನರ್. ಚುರುಕು ಹುಡುಗ. ಒಂದು ಭಾನುವಾರ ಊಟಕ್ಕೆ ಬಂದವನು ಕೇಳಿದ: "ಮಾಮ, ಮುಂದಿನ ವರ್ಷ ರಿಸೀವರ್ ಆಡು ಅಂತಿದ್ದಾರೆ ಕೋಚ್. ಹೋಗ್ಲಾ, ಬೇಡ್ವಾ?" ಅಕ್ಕ ಅನ್ನ ಬಡಿಸುತ್ತಾ, "ಯಾವುದರಲ್ಲಿ ಪೆಟ್ಟು ಕಮ್ಮಿ ಅಂತ ಹೇಳು, ಅದನ್ನೇ ಆಡಲಿ" ಅಂದಳು. ತಮಾಷೆಗೆ ಹೇಳಿದ ಮಾತಲ್ಲ ಅದು. ಎರಡು ಕಡೆಯಿಂದ ಪೂರ್ತಿ ವೇಗದಲ್ಲಿ ಓಡಿ ಬಂದು ಡಿಕ್ಕಿ ಹೊಡೆಯುವ ಕಿಕ್‌ಆಫ್ ಈ ಆಟದ ಅತಿ ಅಪಾಯದ ಗಳಿಗೆಗಳಲ್ಲಿ ಒಂದು. 2011ರಲ್ಲಿ ಎನ್‌ಎಫ್‌ಎಲ್ ಕಿಕ್‌ಆಫ್ ಜಾಗವನ್ನು 30ರಿಂದ 35 ಯಾರ್ಡ್ ಗೆರೆಗೆ ತಂದದ್ದೂ ಈ ಪೆಟ್ಟು ಕಮ್ಮಿ ಮಾಡಲೆಂದೇ.

ಹೆಸ್ಟರ್ ವಿಷಯದಲ್ಲಿ ಇಷ್ಟು ವಾದ ಮಾಡುವ ನಾನು ಅವನಿಗೆ ಹೋಗು ಅಂದೆ. ಅವನಿಗೆ ಹದಿನೈದು ವರ್ಷ. ಹೆಜ್ಜೆ ಎಣಿಸುವುದು, ಕಾರ್ನರ್‌ಬ್ಯಾಕ್ ಕೈ ತಪ್ಪಿಸುವುದು, ಕ್ವಾರ್ಟರ್‌ಬ್ಯಾಕ್ ಜೊತೆ ಹೊಂದಿಕೊಳ್ಳುವುದು, ಇದನ್ನೆಲ್ಲ ಕಲಿಯುವ ವಯಸ್ಸು ಅದೇ. ಈಗ ಕಲಿತರೆ ಕಾಲೇಜಿನಲ್ಲಿ ಕೈಯಲ್ಲಿ ಎರಡು ಕೆಲಸ ಇರುತ್ತದೆ. ತಪ್ಪು ಮಾಡಿದರೆ ಇಡೀ ಊರು ಛೀಮಾರಿ ಹಾಕುವುದಿಲ್ಲ, ಕೋಚ್ ಬೈಯುತ್ತಾರೆ ಅಷ್ಟೇ. ಜೊತೆಗೆ ಒಂದು ಮಾತು ಸೇರಿಸಿದೆ. ಪ್ರ್ಯಾಕ್ಟೀಸ್ ಮುಗಿದ ಮೇಲೆ ದಿನಾ ಸ್ವಲ್ಪ ಹೊತ್ತು ಪಂಟ್ ಹಿಡಿಯುವುದನ್ನು ಬಿಡಬೇಡ ಅಂತ. "ಯಾರು ಒದೀತಾರೆ ಮಾಮ?" ಅಂದ. ನನ್ನ ಕಾಲು ಅಷ್ಟು ದೂರ ಒದೆಯಲ್ಲ. ತಂಡದ ಪಂಟರ್ ಹುಡುಗನನ್ನೇ ಗೆಳೆಯ ಮಾಡಿಕೋ ಅಂದೆ.

ಹೆಸ್ಟರ್ ಕಥೆಯ ಉಳಿದ ಭಾಗ ಬೇಗ ಹೇಳಬಹುದು. 2013ರಲ್ಲಿ ಹೊಸ ಕೋಚ್ ಮಾರ್ಕ್ ಟ್ರೆಸ್ಟ್‌ಮನ್ ಅವನನ್ನು ರಿಸೀವರ್ ಸಾಲಿನಿಂದ ತೆಗೆದು ಬರೀ ರಿಟರ್ನರ್ ಮಾಡಿದರು. ಸೆಪ್ಟೆಂಬರ್‌ನಲ್ಲಿ ವೈಕಿಂಗ್ಸ್ ಎದುರು ಒಂದೇ ಪಂದ್ಯದಲ್ಲಿ ಕಿಕ್‌ಆಫ್‌ಗಳಿಂದ 249 ಯಾರ್ಡ್ ತಂದ. ವಾಷಿಂಗ್ಟನ್ ಎದುರಿನ 81 ಯಾರ್ಡ್ ಪಂಟ್‌ನಿಂದ ರಿಟರ್ನ್ ಟಚ್‌ಡೌನ್ 19 ಆಯಿತು. ಆಗ ಅವನ ವಯಸ್ಸು ಮೂವತ್ತು. ಮರುವರ್ಷ ಅಟ್ಲಾಂಟಾಗೆ ಹೋದ. ಅಲ್ಲಿ ಹೂಲಿಯೊ ಜೋನ್ಸ್, ರಾಡಿ ವೈಟ್ ಮುಂದೆ ಇದ್ದರು. ಅವರ ಹಿಂದೆ ನಿಂತು 38 ಪಾಸ್, 504 ಯಾರ್ಡ್ ಗಳಿಸಿದ. ಸೆಪ್ಟೆಂಬರ್ 18ರ ರಾತ್ರಿ ಟ್ಯಾಂಪಾ ಬೇ ಎದುರು 62 ಯಾರ್ಡ್ ಪಂಟ್ ರಿಟರ್ನ್, 20ನೇ ಟಚ್‌ಡೌನ್. ಎಲ್ಲ ಬಗೆಯ ರಿಟರ್ನ್ ಸೇರಿಸಿದ ಲೆಕ್ಕದಲ್ಲಿ ಹಳೇ ಆಟಗಾರ ಡಿಯಾನ್ ಸ್ಯಾಂಡರ್ಸ್ ಹೆಸರಿನಲ್ಲಿದ್ದ ದಾಖಲೆ ಮುರಿದ ಆ ಓಟದ ಕೊನೆಯಲ್ಲಿ ಸ್ಯಾಂಡರ್ಸ್ ಹಾಗೆಯೇ ಮೊಣಕಾಲೆತ್ತಿ ಕುಣಿಯುತ್ತಾ ಗೆರೆ ದಾಟಿದ. ಬೇರ್ಸ್ ಮೊದಲಿನಿಂದಲೂ ಕೊಡಬೇಕಿದ್ದ ಜಾಗವನ್ನು ಅಟ್ಲಾಂಟಾ ಕೊಟ್ಟಿತು ಅಂತ ನನಗೆ ಅನ್ನಿಸಿತು.

2024ರ ಆಗಸ್ಟ್‌ನಲ್ಲಿ ಅವನನ್ನು ಕ್ಯಾಂಟನ್‌ನಲ್ಲಿರುವ, ವೃತ್ತಿಪರ ಫುಟ್‌ಬಾಲ್‌ನ ದಿಗ್ಗಜರ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ರಿಟರ್ನರ್ ಅನ್ನುವ ಕೆಲಸಕ್ಕಾಗಿಯೇ ಅಲ್ಲಿಗೆ ಹೋದ ಮೊದಲಿಗ ಅವನು. ವೃತ್ತಿಯುದ್ದಕ್ಕೂ ಹಿಡಿದ 255 ಪಾಸ್‌ಗಾಗಿ ಯಾರೂ ಓಟು ಹಾಕಿರಲಿಕ್ಕಿಲ್ಲ. ಅದೇ ವರ್ಷ ಲೀಗ್ ಕಿಕ್‌ಆಫ್ ನಿಯಮವನ್ನು ಪೂರ್ತಿ ಬದಲಾಯಿಸಿತು. ಈಗ ಒದೆಯುವ ತಂಡದ ಹತ್ತು ಜನ ಎದುರಾಳಿಯ 40 ಯಾರ್ಡ್ ಗೆರೆ ಮೇಲೆ ನಿಲ್ಲುತ್ತಾರೆ, ಚೆಂಡು ನೆಲವನ್ನೋ ಆಟಗಾರನನ್ನೋ ಮುಟ್ಟುವ ತನಕ ಅಲುಗಾಡುವಂತಿಲ್ಲ. ದೂರದಿಂದ ಓಡಿ ಬಂದು ಗುದ್ದುವುದು ತಪ್ಪಿತು. 2025ರಲ್ಲಿ ಚೆಂಡನ್ನು ಎಂಡ್ ಝೋನ್‌ಗೆ ಒದ್ದರೆ ಎದುರಾಳಿಗೆ 35 ಯಾರ್ಡ್ ಗೆರೆಯಿಂದಲೇ ಆಟ ಶುರು ಮಾಡಲು ಬಿಟ್ಟರು. ಹಾಗಾಗಿ ತಂಡಗಳು ಆಡುವ ಹಾಗೆಯೇ ಒದೆಯಬೇಕಾಯಿತು. ವರ್ಷಗಟ್ಟಲೆ ಮೂಲೆಗೆ ಬಿದ್ದಿದ್ದ ರಿಟರ್ನರ್‌ಗೆ ಮತ್ತೆ ಕೆಲಸ ಬಂದಿದೆ. ಈಗ ಯಾವುದಾದರೂ ತಂಡಕ್ಕೆ 23 ವರ್ಷದ ಇನ್ನೊಬ್ಬ ಹೆಸ್ಟರ್ ಸಿಕ್ಕರೆ, ಅವನ ಒಪ್ಪಂದದಲ್ಲಿ ರಿಟರ್ನರ್ ಅಂತಲೇ ಬರೆದು, ಒಳ್ಳೆಯ ರಿಸೀವರ್‌ಗೆ ಕೊಡುವಷ್ಟು ದುಡ್ಡನ್ನು ಆ ಹೆಸರಿಗೇ ಕೊಡಲಿ. ಪಾಸ್ ಹಿಡಿಯುವುದನ್ನು ಬೇಕಾದರೆ ನಿಧಾನಕ್ಕೆ ಕಲಿಸಲಿ.